ಹಗ್ಗದ ತುದಿ

ಬೀಗದ ಕೈ ನನ್ನ ಬಳಿ ಇರುತ್ತದೆ.
ಅದಕ್ಕೇ ಪ್ರತಿ ಜುಲೈನಲ್ಲಿ ಅವರು
ಮೊದಲು ನನ್ನ ಬಾಗಿಲು ಬಡಿಯುತ್ತಾರೆ, ಆಮೇಲೆ ಪಾದ್ರಿಯದು.
ಫ್ರಾನ್ಸಿನ ಭೂಪಟ ಕಡಲಿಗೆ ಮೂತಿ ಚಾಚುವ ಈ ಕಡೆ
ಐದು ಊರಿಗೆ ಒಬ್ಬ ಪಾದ್ರಿ.
ಬಾವಲಿಗಳು ಮಾತ್ರ ಪೂರಾ ನಮ್ಮೂರಿನವು.

ಅರವತ್ತೆರಡು ಮೆಟ್ಟಿಲು.
ಐವತ್ತನೆಯದರಲ್ಲಿ ನನ್ನ ಎಡಮಂಡಿ
ತನ್ನ ಹೆಸರು ತಾನೇ ಕೂಗಿಕೊಳ್ಳುತ್ತದೆ.
ಮೇಲೆ ಓಕ್ ತೊಲೆ, ಕಾದ ಸ್ಲೇಟಿನ ಸೆಕೆ,
ಹಿಕ್ಕೆಯ ಹುಳಿ ಘಾಟು,
ಮತ್ತು ಇನ್ನೂರು ಬಾಣಂತಿಯರು
ಮೈಗೆ ಮೈ ಒತ್ತಿಕೊಂಡು, ತಲೆಕೆಳಗಾಗಿ.
ಗಂಡುಗಳಿಗೆ ಇಲ್ಲಿ ಜಾಗವಿಲ್ಲ.
ಬಾವಲಿ ಮನೆಗೆ ಹೋದವರು ಮಣೆ ಕೇಳಬಾರದು;
ನಾನು ತೊಲೆಗೊರಗಿ ಟಾರ್ಚು ಹಿಡಿಯುತ್ತೇನೆ.

೭೩೧೯. ಮುಂಗೈಯ ಅಲ್ಯೂಮಿನಿಯಂ ಬಳೆಯ ಮೇಲೆ
ಅಷ್ಟೇ ಬರೆದಿತ್ತು.
ಅವಳಿಗೆ ಅದನ್ನು ತೊಡಿಸಿದಾಗ ನಾನು ಕಾರ್ಖಾನೆಯಲ್ಲಿ
ಸಾರ್ಡೀನುಗಳ ತಲೆ ಕತ್ತರಿಸುತ್ತಿದ್ದೆ,
ಡಬ್ಬಕ್ಕೆ ಹತ್ತರಂತೆ. ಮೂವತ್ತೆರಡು ವರ್ಷವಾಯಿತು.
ಕಾರ್ಖಾನೆ ಈಗ ಕಾರು ನಿಲ್ಲಿಸುವ ಬಯಲು.
ಅವಳು ಮಾತ್ರ ಆ ವರ್ಷವೂ ಒಂದು ಮರಿ ಹೆತ್ತಿದ್ದಳು.
ಅವಳಷ್ಟೇ ತೂಗುವ ಇಲಿ
ಎರಡು ಚಳಿಗಾಲ ಕಂಡರೆ ಪುಣ್ಯ.

ಮಯೆಲಿಗ್ ಎಂಬ ಹುಡುಗಿ ರೆಕ್ಕೆಯನ್ನು
ಹಳೆಯ ಕೊಡೆಯಂತೆ ಬಿಡಿಸಿ ಸೂಜಿ ತಾಗಿಸಿದಳು.
ಒಂದೇ ಹನಿ.
"ಕೋಶದೊಳಗೆ ದಾರವಿದೆ, ಮದಾಮ್ ಅಝೆನೋರ್.
ಕೋಶ ಒಡೆದು ಎರಡಾದಾಗಲೆಲ್ಲ
ದಾರದ ತುದಿ ಕೊಂಚ ಸವೆಯುತ್ತದೆ, ನಮ್ಮಲ್ಲಿ.
ಇವಳಲ್ಲಿ ಸವೆದಂತೆ ಕಾಣುವುದಿಲ್ಲ.
ಯಾಕೋ ಪೂರ್ತಿ ಗೊತ್ತಿಲ್ಲ."
ನನಗೆ ಅಪ್ಪನ ಹಲ್ಲು ನೆನಪಾಯಿತು.
ಹಗ್ಗದ ತುದಿಗೆ ಟಾರು ಮೆತ್ತಿದ ನೂಲು ಸುತ್ತಿ
ಕೊನೆಯ ಗಂಟನ್ನು ಹಲ್ಲಿನಲ್ಲೇ ಎಳೆಯುತ್ತಿದ್ದ.
ಹಗ್ಗ ನಡುವಲ್ಲಿ ಸಾಯೋದಿಲ್ಲ ಕಣೇ, ತುದಿಯಲ್ಲಿ, ಎನ್ನುತ್ತಿದ್ದ.
ದೋಣಿ ಮುಳುಗಿದಾಗ ಹಗ್ಗಗಳೆಲ್ಲ ಗಟ್ಟಿಯಾಗಿದ್ದವು.

ಇನ್ನೊಂದು ಹೇಳಿದಳು:
ರೋಗದ ಕ್ರಿಮಿ ಒಳಗೆ ಬಂದರೂ ಇವುಗಳ ರಕ್ತ
ಬೀದಿಜಗಳಕ್ಕೆ ಇಳಿಯುವುದಿಲ್ಲವಂತೆ.
ಒಂದಿಷ್ಟು ಗದರಿ, ಮೂಲೆಗೆ ಕೂರಿಸಿ,
ಹೇಗೋ ಬಾಳುವೆ ಮಾಡುತ್ತದಂತೆ.
ನಾನು ಸ್ವಂತ ಅಕ್ಕನ ಜೊತೆ ಹತ್ತೊಂಬತ್ತು ವರ್ಷ
ಮಾತು ಬಿಟ್ಟವಳು, ಒಂದು ಬೀರುವಿಗಾಗಿ.
ಮಂಡಿಯ ಈ ಉರಿ ಎಲ್ಲಿಂದ ಬಂತೆಂದು
ಇಳಿಯುವಾಗ ಯೋಚಿಸಿದೆ.

ಚಳಿಗೆ ಅವು ಪಾಳು ಸ್ಲೇಟು ಗಣಿಗೆ ಹೋಗುತ್ತವೆ.
ಎದೆಬಡಿತವನ್ನು ನಿಮಿಷಕ್ಕೆ ಹತ್ತಿಪ್ಪತ್ತಕ್ಕೆ ಇಳಿಸಿ
ಆಯುಸ್ಸನ್ನು ಉಪ್ಪಿನಲ್ಲಿಟ್ಟ ಮೀನಿನಂತೆ ಕಾಪಿಡುತ್ತವೆ.
೭೩೧೯ ಆ ಸಲ ಹೋಗಲಿಲ್ಲ.
ಸೆಪ್ಟೆಂಬರಿನಲ್ಲಿ ಗಂಟೆಗೋಪುರ ಗುಡಿಸುವಾಗ
ಕಣಜಗೂಬೆ ಉಗುಳಿದ ಉಂಡೆ ಸಿಕ್ಕಿತು.
ಪೊರಕೆಯ ಕಡ್ಡಿಯಿಂದ ಬಿಡಿಸಿದೆ:
ಕೂದಲು, ಸೂಜಿಯಂಥ ಮೂಳೆ,
ಮತ್ತೆ, ಹೊಳೆಯುತ್ತ, ಬಳೆ.
ಮುಪ್ಪು ಮೂವತ್ತೆರಡು ವರ್ಷ ಹುಡುಕಿ ಸೋತಿತ್ತು.
ಗೂಬೆಗೆ ಒಂದು ರಾತ್ರಿ ಸಾಕಾಯಿತು.
ಗೂಬೆಯ ಮೇಲೆ ನನಗೆ ಸಿಟ್ಟಿಲ್ಲ. ಅದಕ್ಕೂ ಮರಿಗಳಿದ್ದವು.

ಬಳೆಯನ್ನು ಗುಂಡಿಗಳ ಡಬ್ಬದಲ್ಲಿಟ್ಟೆ. ಯಾರಿಗೂ ಹೇಳಲಿಲ್ಲ.
ಜುಲೈ ಬಂತು, ಬಾಗಿಲು ಬಡಿದರು.
ಮಯೆಲಿಗ್ ತೊಲೆಯುದ್ದಕ್ಕೂ ಬೆಳಕು ಹಾಯಿಸಿ
ಎರಡನೆಯ ಸಲ ಎಣಿಸತೊಡಗಿದಾಗ
ಅಂಗೈ ಬಿಚ್ಚಿದೆ. "ಗೂಬೆ," ಅಂದೆ.
ಬರೆದುಕೊಂಡಳು.
ಪೆನ್ನಿಗೆ ಮುಚ್ಚಳ ಹಾಕಲು ಮಾತ್ರ ಬಹಳ ಹೊತ್ತು ಬೇಕಾಯಿತು.

ಆಮೇಲೆ ಅವಳ ಮಗಳನ್ನು ಚೀಲದಿಂದ ತೆಗೆದರು:
ಇಪ್ಪತ್ತೊಂಬತ್ತು ಗ್ರಾಂ, ಗುಲಾಬಿ ಮೂತಿ, ವಿಪರೀತ ಕೋಪ.
ಮುಟ್ಟಬಾರದೆಂದು ಕಾನೂನಿದೆ, ಕೈಗವಸು ಬೇಕೆಂದಿದೆ.
ನಾನು ಬೆರಳು ಚಾಚಿದೆ.
ಕಚ್ಚಿದಳು.
ಒಂದೇ ಹನಿ.

ಹುಡುಗಿ ಗಾಬರಿಯಾಗಿ ಡಾಕ್ಟರಿಗೆ ಫೋನು ಮಾಡುತ್ತಿದ್ದಾಳೆ:
ನಾಲ್ಕು ಇಂಜೆಕ್ಷನ್ನು, ನಾಲ್ಕು ಸಲ ಪೇಟೆಗೆ, ಬಸ್ಸಿನಲ್ಲಿ.
ಅಕ್ಕನ ಮನೆ ಆ ದಾರಿಯಲ್ಲೇ ಇದೆ.
ಬಲಗೈಯಲ್ಲಿ ಗೋಡೆ ಹಿಡಿದು, ಹೆಬ್ಬೆರಳು ಬಾಯಲ್ಲಿಟ್ಟು
ಇಳಿಯುತ್ತೇನೆ. ಅರವತ್ತೆರಡು, ಅರವತ್ತೊಂದು.